ಬಾಯಿ ಬಿಟ್ಟು ಬೈಯೇ

ಅಕ್ಕ ಬಂದು ಮೂರು ವಾರ ಆಗುವಷ್ಟರಲ್ಲಿ ನಾನು, ನನ್ನ ಗಂಡ ಇಬ್ಬರೂ ಎಷ್ಟು ಮರ್ಯಾದಸ್ಥರಾಗಿಬಿಟ್ಟಿದ್ದೆವು ಎಂದರೆ, ನಮ್ಮನ್ನು ನೋಡಿ ನಮಗೇ ಹೆದರಿಕೆಯಾಗುತ್ತಿತ್ತು.

ನಮ್ಮದು ಗಾಜಿನಂಗಡಿ. ಮುಂದೆ ಅಂಗಡಿ, ಹಿಂದೆ ಎರಡು ಕೋಣೆಯ ಮನೆ. ಅವರು ಗಾಜು ಕೊಯ್ಯುತ್ತಾರೆ, ನಾನು ಅಳತೆ ಬರೆದು ಅಂಚು ಉಜ್ಜುತ್ತೇನೆ, ಹೊರುವುದು ಇಬ್ಬರೂ. ಮದುವೆಯಾದ ಎರಡು ವರ್ಷದಲ್ಲಿ ನಾವು ಕಚ್ಚಾಡದ ಒಂದು ಬೆಳಗ್ಗೆಯೂ ನನಗೆ ನೆನಪಿಲ್ಲ. ಅವರಿಗೆ ನಾನು ‘ರೇಡಿಯೋ’, ನನಗೆ ಅವರು ‘ಸಾಹುಕಾರ್ರು’. ಪಕ್ಕದಂಗಡಿಯ ಟೈಲರ್ ಬಾಗಿಲು ತೆಗೆಯುವಾಗಲೇ ಕಿವಿ ಈ ಕಡೆ ಇಟ್ಟು, “ಇವತ್ತು ಏನ್ ವಿಷಯ?” ಎಂದು ಕೇಳುತ್ತಿದ್ದ. ಹಾಗಿತ್ತು ನಮ್ಮ ಸಂಸಾರ, ಭಾರಿ ಗಲಾಟೆ, ಭಾರಿ ಖುಷಿ.

ಅಷ್ಟರಲ್ಲಿ ಅಕ್ಕ ಒಂಬತ್ತು ವರ್ಷದ ದಾಂಪತ್ಯ ಮುಗಿಸಿ, ವಿಚ್ಛೇದನದ ಕಾಗದಕ್ಕೆ ಸಹಿ ಹಾಕಿ, ಒಂದು ಸೂಟ್‌ಕೇಸ್ ಹಿಡಿದು ಬರುತ್ತೇನೆಂದು ಫೋನ್ ಮಾಡಿದಳು.

“ಅವರ ಮುಂದೆ ಜಗಳ ಬೇಡ ಕಣೇ, ಗಾಯಕ್ಕೆ ಉಪ್ಪು ಹಚ್ಚಿದ ಹಾಗಾಗುತ್ತೆ” ಎಂದರು ಇವರು.

“ನಗೋದೂ ಬೇಡ ರೀ. ಅದು ಇನ್ನೂ ಕೆಟ್ಟದು” ಎಂದೆ ನಾನು.

ಜಗಳವೂ ಇಲ್ಲ, ನಗುವೂ ಇಲ್ಲ ಎಂದ ಮೇಲೆ ಉಳಿದದ್ದು “ಪರವಾಗಿಲ್ಲ” ಒಂದೇ. ಕಾಫಿಗೆ ಸಕ್ಕರೆ ಮರೆತೆ, “ಪರವಾಗಿಲ್ಲ” ಎಂದು ಕುಡಿದರು. ಕಿಟಕಿ ಗಾಜನ್ನು ಎರಡು ಇಂಚು ಚಿಕ್ಕದಾಗಿ ಕೊಯ್ದರು. ಮೊದಲಾಗಿದ್ದರೆ “ಕಣ್ಣೇನು ಅಡವಿಟ್ಟಿದ್ದೀರಾ?” ಎನ್ನುತ್ತಿದ್ದೆ. ಈಗ “ಪರವಾಗಿಲ್ಲ ಬಿಡಿ” ಎಂದೆ. ಅವರು ತಲೆ ತಗ್ಗಿಸಿಕೊಂಡು ಹೊಸ ಗಾಜು ತೆಗೆದರು. ನಾನು ಆ ಬೆನ್ನನ್ನೇ ನೋಡಿದೆ. ಇವರು ನನ್ನ ಗಂಡನಾ, ಬಾಡಿಗೆಗೆ ಬಂದವರಾ? ಅಕ್ಕನ ಮನಸ್ಸು ಕಾಯಲು ಹೋಗಿ ನನ್ನ ಮನೆಯನ್ನೇ ಕಳೆದುಕೊಳ್ಳುತ್ತಿದ್ದೇನಾ?

ಇದರ ಮೇಲೆ ಅಕ್ಕನ ಬಾಂಬು. ಗುರುವಾರ ಬೆಳಗ್ಗೆ ಕನ್ನಡಿಯ ಅಂಚು ಒರೆಸುತ್ತ ಒರೆಸುತ್ತ, “ನಾಡಿದ್ದು ಲೇಡೀಸ್ ಹಾಸ್ಟೆಲ್‌ಗೆ ಹೋಗ್ತೀನಿ. ರೂಮ್ ಹೇಳಿದೀನಿ” ಎಂದಳು.

“ಯಾಕಕ್ಕಾ? ಏನು ಕಡಿಮೆಯಾಯ್ತು?”

“ನಾನು ಬಂದಾಗಿಂದ ನೀವಿಬ್ಬರೂ ಸರಿಯಾಗಿ ಮಾತಾಡ್ತಿಲ್ಲ. ನನ್ನ ಸಂಸಾರ ಹೋಯ್ತು, ನಿಂದೂ ಕೆಡಿಸಿ ಹೋಗಲಾ?”

ನಾನು ಏನೋ ಹೇಳಲು ಹೊರಟೆ, ಅಷ್ಟರಲ್ಲಿ ಹೊರಗೆ ಇವರು ಗಾಡಿಯ ಹಾರ್ನ್ ಒತ್ತಿದರು. ನೃತ್ಯಶಾಲೆಯೊಂದಕ್ಕೆ ಎರಡು ದೊಡ್ಡ ಕನ್ನಡಿ ಹಾಕಿಕೊಡಬೇಕಿತ್ತು. ಸ್ಕ್ರೂ, ಡ್ರಿಲ್ ಇರುವ ಪೆಟ್ಟಿಗೆ ಹಿಡಿದು ಅಕ್ಕನೂ ಹತ್ತಿದಳು. ದಾರಿಯುದ್ದಕ್ಕೂ ಮೂವರೂ ಗಾಡಿಯ ಮುಂದಿನ ಗಾಜನ್ನೇ ನೋಡುತ್ತ ಕೂತಿದ್ದೆವು.

ನೃತ್ಯಶಾಲೆ ಇದ್ದದ್ದು ಎರಡನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ, ಮೆಟ್ಟಿಲು ಕಿರಿದು. ಕನ್ನಡಿ ಆರಡಿ ಉದ್ದ, ನಾಲ್ಕಡಿ ಅಗಲ. ಇಂಥದ್ದನ್ನು ಮೇಲೆ ಹೊರುವಾಗ ಒಬ್ಬರು ಹಿಮ್ಮುಖವಾಗಿ ಹತ್ತಬೇಕು, ಅವರಿಗೆ ದಾರಿ ಕಾಣುವುದಿಲ್ಲ. ಕೆಳಗೆ ಹಿಡಿದವರು ಹೆಜ್ಜೆ ಹೆಜ್ಜೆಗೂ ಕೂಗಿ ಹೇಳಬೇಕು. ಹಿಮ್ಮುಖ ಯಾವಾಗಲೂ ಇವರದು, ಕೂಗು ನನ್ನದು. ರೇಡಿಯೋ ಎಂಬ ಹೆಸರು ಬಂದದ್ದೇ ಅದರಿಂದ.

ಮೊದಲ ಮಹಡಿಯ ತಿರುವಿಗೆ ಬಂದೆವು. ಅಲ್ಲಿ ಮಕ್ಕಳ ಚಪ್ಪಲಿಗಳ ಗುಡ್ಡೆ. ಇವರ ಹಿಮ್ಮಡಿ ಸೀದಾ ಅದರ ಕಡೆಗೇ ಹೋಗುತ್ತಿತ್ತು.

“ರೀ, ಸ್ವಲ್ಪ... ನಿಮಗೆ ಅನುಕೂಲ ಆದರೆ... ಬಲಕ್ಕೆ ಬರಬಹುದಾ?” ಎಂದೆ.

“ಆಗಲಿ. ನಿನಗೆ ಕೈ ನೋಯ್ತಿಲ್ಲ ತಾನೇ?”

“ಇಲ್ಲ ಇಲ್ಲ, ಪರವಾಗಿಲ್ಲ.”

ಅಷ್ಟರಲ್ಲಿ ಅವರ ಕಾಲು ಒಂದು ಚಪ್ಪಲಿಯ ಮೇಲೆ ಬಿತ್ತು. ಕನ್ನಡಿ ವಾಲಿತು. ಅದರೊಳಗೆ ಛಾವಣಿ ಓರೆಯಾಗಿ ಜಾರಿದ್ದು ಕಾಣಿಸಿತು. ನನ್ನ ನಾಲಿಗೆ ಅಂಟಿಕೊಂಡುಬಿಟ್ಟಿತ್ತು.

“ಏಯ್!” ಹಿಂದಿನಿಂದ ಅಕ್ಕನ ಗಂಟಲು, ಇಡೀ ಕಟ್ಟಡಕ್ಕೆ ಕೇಳುವ ಹಾಗೆ. “ಬಾಯಿ ಬಿಟ್ಟು ಬೈಯೇ ಅವರನ್ನ!”

ನನ್ನೊಳಗೆ ಮೂರು ವಾರದಿಂದ ಕಟ್ಟಿಟ್ಟದ್ದು ಒಡೆದುಕೊಂಡಿತು. “ನಿಲ್ಲ್ರೀ ಸಾಹುಕಾರ್ರೇ! ಬೆನ್ನಲ್ಲಿ ಕಣ್ಣಿದ್ಯಾ? ಬಲಗಾಲು ಎತ್ತಿ! ಬಲ ಅಂದೆ! ಊಟ ಮಾಡೋ ಕೈ ಕಡೆ!”

“ಗೊತ್ತು ಕಣೇ! ಮೊದಲೇ ಬಡ್ಕೊಳ್ಳೋಕೆ ಏನಾಗಿತ್ತು ನಿಂಗೆ? ರೇಡಿಯೋ ಕೆಟ್ಟೋಗಿತ್ತಾ?”

“ಕೆಟ್ಟಿರಲಿಲ್ಲ, ಮರ್ಯಾದೆ ಕೊಟ್ಟು ನೋಡಿದೆ!”

“ನಿನ್ನ ಮರ್ಯಾದೆಗೆ ಬೆಂಕಿ ಹಾಕ! ಕೆಳಗೆ ಎತ್ತಿ ಹಿಡಿ!”

ಎತ್ತಿ ಹಿಡಿದೆ. ಕನ್ನಡಿ ನೆಟ್ಟಗಾಯಿತು. ಹತ್ತಿದೆವು, ಪ್ರತಿ ಮೆಟ್ಟಿಲಿಗೂ ಒಂದೊಂದು ಬೈಗುಳ. ಮೇಲೆ ಗೋಡೆಗೆ ಒರಗಿಸಿ ಹೊರಗೆ ಬಂದು ಒಬ್ಬರ ಮುಖ ಒಬ್ಬರು ನೋಡಿದೆವು ನೋಡಿ, ನಗು ತಡೆಯಲಾಗಲಿಲ್ಲ. ಅವರು ಕಂಬಕ್ಕೆ ಒರಗಿ ನಕ್ಕರು, ನಾನು ಅವರಿಗೆ ಒರಗಿ ನಕ್ಕೆ. ಆಮೇಲೆ ಅಕ್ಕ ಇದ್ದಾಳೆಂದು ನೆನಪಾಗಿ ಥಟ್ಟನೆ ಸರಿದು ನಿಂತೆವು.

“ಸಾಕು ನಾಟಕ” ಎಂದಳು ಅಕ್ಕ. ಮೆಟ್ಟಿಲ ಮೇಲೆ ಪೆಟ್ಟಿಗೆ ಇಟ್ಟು ಅದರ ಮೇಲೇ ಕೂತಳು. “ಅಂದ್ರೆ ಮೂರು ವಾರ ಮಾತು ಬಿಟ್ಟಿದ್ದು ಜಗಳ ಆಡಿ ಅಲ್ಲ. ನನಗೋಸ್ಕರ ಬಾಯಿಗೆ ಬೀಗ.”

“ನಿಂಗೆ ನೋವಾಗುತ್ತೆ ಅಂತ ಅಕ್ಕಾ...”

“ಒಂಬತ್ತು ವರ್ಷ ನಮ್ಮನೇಲಿ ಒಂದು ಜೋರು ಮಾತಿಲ್ಲ, ಗೊತ್ತಾ? ಬಿಟ್ಟು ಬಂದಿದ್ದಕ್ಕೆ ಅದೊಂದೇ ಕಾರಣ ಅಲ್ಲ, ಅದು ದೊಡ್ಡ ಕಥೆ. ಆದ್ರೆ ಕೊನೇಲಿ ವಕೀಲರ ಮುಂದೆ ಕೂಡ ‘ನೀವು ಮೊದಲು ಸೈನ್ ಮಾಡಿ’, ‘ಛೇ ಛೇ, ನೀವು ಮೊದಲು’ ಅಂತ ಐದು ನಿಮಿಷ! ವಕೀಲರೇ ಪೆನ್ನು ತಂದು ನನ್ನ ಕೈಗೆ ತುರುಕಿದ್ರು.”

ಇವರು ನಗಬೇಕೋ ಬೇಡವೋ ತಿಳಿಯದೆ ಕೆಮ್ಮಿದರು.

“ನಗೀಪ್ಪಾ, ನಾನೇ ನಗ್ತಿದೀನಿ” ಎಂದಳು. ನಿಜವಾಗಿಯೂ ನಗುತ್ತಿದ್ದಳು, ಕಣ್ಣು ಮಾತ್ರ ಸ್ವಲ್ಪ ಒದ್ದೆ. “ಅವತ್ತು ನಾನು ಎಲ್ಲಿಗೆ ಬೇಕಾದ್ರೂ ಹೋಗಬಹುದಿತ್ತು. ನಿಮ್ಮನೆಗೇ ಬಂದಿದ್ದು ಯಾಕೆ? ಫೋನ್ ಮಾಡಿದಾಗೆಲ್ಲ ಹಿಂದೆ ಒಂದು ಗಲಾಟೆ ಕೇಳಿಸ್ತಿತ್ತಲ್ಲ, ಅದರ ಮಧ್ಯ ಕೂರೋಣ ಅಂತ. ಬಂದು ನೋಡಿದ್ರೆ ಇಲ್ಲೂ ಆಸ್ಪತ್ರೆ!”

“ಹಾಸ್ಟೆಲ್?” ಎಂದೆ ಮೆತ್ತಗೆ.

“ಹೋಗ್ತೀನಿ, ಆದ್ರೆ ನಾಡಿದ್ದಲ್ಲ. ಕೈಯಲ್ಲಿ ಒಂದು ಕೆಲಸ ಅಂತ ಆಗಲಿ. ಅಲ್ಲೀವರೆಗೂ ನೀವು ಕಿತ್ತಾಡಿ, ನಾನು ತೀರ್ಪು ಕೊಡ್ತೀನಿ.”

“ಕೆಲಸ ಕೆಳಗೆ ಗಾಡೀಲೇ ಇದೆಯಲ್ಲಕ್ಕಾ” ಎಂದರು ಇವರು. “ಇನ್ನೊಂದು ಕನ್ನಡಿ. ಇವಳ ಕೈ ನಡುಗ್ತಿದೆ, ನೀವು ಹಿಡೀತೀರಾ?”

“ನನ್ನ ಕೈಯೇನೂ ನಡುಗ್ತಿಲ್ಲ!” ಎಂದೆ.

“ನೀನು ಸುಮ್ನಿರೇ” ಎಂದು ಅಕ್ಕ ನನ್ನ ಕೈಗವಸು ಕಿತ್ತುಕೊಂಡಳು.

ನಾನು ಮೊದಲ ಮಹಡಿಯ ತಿರುವಿಗೆ ಇಳಿದು ಚಪ್ಪಲಿಗಳನ್ನೆಲ್ಲ ಗೋಡೆಗೆ ತಳ್ಳಿ, ಮೆಟ್ಟಿಲ ಕಂಬಿಯಿಂದ ಬಗ್ಗಿ ನೋಡುತ್ತ ನಿಂತೆ. ಕೆಳಗಿನಿಂದ ಮೊದಲು ಅಕ್ಕನ ತೆಳ್ಳಗಿನ ದನಿ. “ಸಾಹುಕಾರ್ರೇ, ದಯವಿಟ್ಟು ಎಡಕ್ಕೆ...”

“ಕೇಳಿಸ್ತಿಲ್ಲ! ದಯವಿಟ್ಟು ಎಲ್ಲ ಬೇಡ ಅಕ್ಕಾ, ಗಾಜು ಬೀಳುತ್ತೆ!” ಎಂದು ಇವರು ಕೂಗಿದರು.

ಆಮೇಲೆ, ಒಂಬತ್ತು ವರ್ಷ ಒಳಗೇ ಇದ್ದ ಗಂಟಲು:

“ಎಡಕ್ಕೆ ಬಾರಪ್ಪಾ ಆನೇ! ಎಡಕ್ಕೆ! ಏನು ಹೆಜ್ಜೆನೋ, ಮೆಟ್ಟಿಲು ಮುರಿದುಹೋಗುತ್ತೆ!”

ಮೇಲಿನ ಬಾಗಿಲು ತೆರೆದು ನೃತ್ಯದ ಟೀಚರ್ ಗಾಬರಿಯಿಂದ ಇಣುಕಿದರು. “ಏನ್ರೀ, ಜಗಳಾನಾ?”

“ಇಲ್ಲ ಮೇಡಂ” ಎಂದೆ, “ಕನ್ನಡಿ ಬರ್ತಿದೆ.”