ರಾಯರು ಹೇಳಬೇಕಾಗಿದ್ದ ದಾರಿ

ದೇಶನೂರಿನ ಕಾಲುವೆ ಕೆಳಗಿನ ಗದ್ದೆಯಲ್ಲಿ ಅಂದು ನಾಟಿ ನಡೆದಿತ್ತು. ದೊಡ್ಡಬಸಮ್ಮ ಬದುವಿನ ಮೇಲೆ ನಿಂತು ಸಸಿಯ ಕಟ್ಟುಗಳನ್ನು ಹೆಣ್ಣಾಳುಗಳ ಕಡೆ ಎಸೆಯುತ್ತಿದ್ದಳು. ಮೊಮ್ಮಗಳು ರೇಣುಕಾ ಫೋನು ಕೈಯಲ್ಲಿ ಹಿಡಿದು ಬರುವುದು ಕಂಡಿತು. ಹುಡುಗಿಯ ಮುಖ ನೋಡಿದ್ದೇ ಮುದುಕಿಯ ಕೈ ನಿಂತಿತು.

“ಅಜ್ಜಿ, ಬಳ್ಳಾರಿ ವಕೀಲರು ತೀರಿಕೊಂಡ್ರಂತ.”

ದೊಡ್ಡಬಸಮ್ಮ ಕೈಯಲ್ಲಿದ್ದ ಕಟ್ಟನ್ನು ನೀರಿಗೆ ಇಳಿಬಿಟ್ಟು ಅಲ್ಲೇ ಕುಳಿತಳು. ಬಳ್ಳಾರಿಯ ಬ್ರೂಸ್‌ಪೇಟೆಯ ವಕೀಲ ಪ್ರಹ್ಲಾದರಾಯರು ಅವಳಿಗೆ ಬಂಧುವಲ್ಲ, ಬಳಗವಲ್ಲ. ಆದರೆ ಗಂಡ ಸತ್ತ ಮೇಲೆ ಮೈದುನರು ಹೊಲದಲ್ಲಿ ನಿನಗೆ ಪಾಲಿಲ್ಲ ಎಂದಾಗ, ಅವಳ ಕೈ ಹಿಡಿದು ನಡೆಸಿದವರು ಅವರೇ. ಪ್ರತಿ ವಾಯಿದೆಗೂ ಕೋರ್ಟಿನಲ್ಲಿ ಏನಾಯಿತೆಂದು ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ತಿಳಿಯುವಂತೆ ಹೇಳಿಯೇ ಊರಿಗೆ ಕಳಿಸುತ್ತಿದ್ದರು. ಅವಳು ಈಗ ಕುಳಿತಿದ್ದ ಬದುವೂ ಆ ಕೇಸು ಗೆದ್ದು ಉಳಿಸಿಕೊಂಡ ಬದುವೇ.

ರೇಣುಕಾಳ ದುಃಖಕ್ಕೆ ಇನ್ನೊಂದು ಕಾರಣವಿತ್ತು. ಅಜ್ಜಿಯ ಹಿಂದೆ ಕೋರ್ಟಿಗೆ ಓಡಾಡಿ ಬೆಳೆದ ಹುಡುಗಿಗೆ ತಾನೂ ಕರಿಕೋಟು ಹಾಕಬೇಕೆಂಬ ಆಸೆ. ಸಿರುಗುಪ್ಪದ ಕಾಲೇಜಿನಲ್ಲಿ ಬಿ.ಎಸ್ಸಿ. ಸೇರಿದ ಮೇಲೆ ಒಮ್ಮೆ ಅದನ್ನು ರಾಯರಿಗೆ ಹೇಳಿದ್ದಳು. “ಹಿಡಿದ ಡಿಗ್ರಿ ಮೊದಲು ಮುಗಿಸಿ ಬಾ. ಆಮೇಲೆ ದಾರಿ ನಾ ಹೇಳ್ತೀನಿ,” ಎಂದಿದ್ದರು ಅವರು. ಈ ವರ್ಷ ಅವಳು ಪಾಸಾದಳು. ದಾರಿ ಹೇಳಬೇಕಾದವರು ಹೋಗಿಬಿಟ್ಟರು.

ಸಂಜೆ ಕುರುಗೋಡಿನಿಂದ ಮಗ ಮಾರೇಶ, ರೇಣುಕಾಳ ಚಿಕ್ಕಪ್ಪ, ಫೋನು ಮಾಡಿದ. ಅಲ್ಲಿ ಅವನದು ಗೊಬ್ಬರದ ಅಂಗಡಿ.

“ಯವ್ವಾ, ವಕೀಲರ ಸುದ್ದಿ ತಿಳೀತು. ನಾಳೆ ಬ್ರೂಸ್‌ಪೇಟೆಗೆ ನಾನೂ ಬರ್ತೀನಿ. ಹಂಗ ರೇಣುಕಾನ ಸರ್ಟಿಫಿಕೇಟು ತಗೊಂಡು ಬಾ. ನಮ್ಮ ಕಡಿ ಒಬ್ಬಾತ ಅದಾನ, ಅಂಚೆ ಮೂಲಕ ಲಾ ಓದಸ್ತಾನ. ಕಾಲೇಜಿಗೆ ಹೋಗೋದ ಬ್ಯಾಡ. ನಾಳೆ ಸಂಜಿಕ ಹೆಸರು ಹಚ್ಚಿಬಿಡೋಣು.”

“ಅಂಚೆಯಾಗ ವಕೀಲಿ ಬರ್ತೈತೇನೋ?”

“ಬರದೇನವ್ವಾ. ಕಾಲೇಜಿಗೆ ಹೋಗಿ ಓದಬೇಕಂದ್ರ ಮತ್ತ ಪಿಯುಸಿಯಿಂದ ಐದು ವರ್ಷ ಹಿಡಿಬೇಕಂತ. ಇಕಿ ಹೂವು, ಎಲಿ, ಬೇರು ಓದಿದಾಕಿ. ಆ ಡಿಗ್ರಿ ಕೋರ್ಟಿಗೆ ಏನು ಉಪಯೋಗ?”

ದೊಡ್ಡಬಸಮ್ಮನಿಗೆ ಮಗನ ಮಾತು ನಿಜವೆನಿಸಿತು. ಜೋಳದ ಹೊಲದಲ್ಲಿ ಭತ್ತ ಬೆಳೆಯಲು ಹೊರಟಂತೆ, ಹುಡುಗಿ ಓದಿದ್ದು ಒಂದು, ಬೇಡುವುದು ಇನ್ನೊಂದು. ಆದರೂ ಮನಸ್ಸು ಒಪ್ಪಲಿಲ್ಲ. ಡಿಗ್ರಿ ದಂಡವಾಗುವಂತಿದ್ದರೆ ಮುಗಿಸಿ ಬಾ ಎಂದು ರಾಯರು ಯಾಕೆ ಹೇಳಿದರು? ಒಂದು ಮಾತನ್ನೂ ಸುಮ್ಮನೆ ಆಡಿದವರಲ್ಲ ಅವರು. ಏನಿತ್ತು ಅವರ ಮನಸ್ಸಿನಲ್ಲಿ?

ಮರುದಿನ ಸಿರುಗುಪ್ಪಕ್ಕೆ ಬಂದು ಬಳ್ಳಾರಿಯ ಬಸ್ಸು ಹತ್ತಿದಾಗಲೂ ಅದೇ ಯೋಚನೆ. ಮಾರೇಶ ಬ್ರೂಸ್‌ಪೇಟೆಯ ಓಣಿಯ ಬಾಯಲ್ಲಿ ಕಾದಿದ್ದ. ಕಿರಾಣಿ ಚೀಲಗಳ ನಡುವೆ ದಾರಿ ಮಾಡಿಕೊಂಡು ಮೂವರೂ ರಾಯರ ಮನೆಗೆ ಹೋದರು. ಪಡಸಾಲೆಯಲ್ಲಿ ರಾಯರ ಹೆಂಡತಿ ಸೀತಾಬಾಯಿ ಗೋಡೆಗೆ ಒರಗಿ ಕುಳಿತಿದ್ದರು. ಪಕ್ಕದಲ್ಲಿ ಮಗಳು ಸಂಪದಾ. ಅವಳೂ ವಕೀಲೆ, ತಂದೆಯ ಜೊತೆಗೇ ಕೆಲಸ ಮಾಡುತ್ತಿದ್ದವಳು.

ದೊಡ್ಡಬಸಮ್ಮ ಸೀತಾಬಾಯಿಯ ಎದುರು ಕುಳಿತು ಸೆರಗು ಬಾಯಿಗೆ ಒತ್ತಿಕೊಂಡಳು. ಓದಿನ ವಿಷಯವನ್ನು ಇಂಥ ಮನೆಯಲ್ಲಿ ಎತ್ತುವುದು ಹೇಗೆ ಎಂದು ಅವಳು ಒಳಗೇ ತಡವರಿಸುತ್ತಿದ್ದಳು. ಎತ್ತಿದವರು ಸೀತಾಬಾಯಿಯೇ.

“ರೇಣುಕಾ ಪಾಸಾದಳೇನು? ದವಾಖಾನಿಯೊಳಗ ಮಲಗಿದಾಗೂ ಕೇಳ್ತಿದ್ರು. ಇನ್ನೂ ಬರಲಿಲ್ಲಲ್ಲ ದೇಶನೂರಿನ ಹುಡುಗಿ, ಅಂತ.”

ರೇಣುಕಾ ತಲೆ ತಗ್ಗಿಸಿದಳು. ದೊಡ್ಡಬಸಮ್ಮನಿಗೆ ಬಾಯಿ ಬಂತು.

“ಪಾಸಾದ್ಳು ತಾಯಿ. ದಾರಿ ಹೇಳ್ತೀನಿ ಅಂದಿದ್ರು. ಅದ್ಯಾವ ದಾರಿ ಅಂತ ನಿಮಗೇನಾರ ಗೊತ್ತೈತೇನ್ರಿ?”

ಸಂಪದಾ ಅಳುವಿನ ನಡುವೆಯೂ ಸ್ವಲ್ಪ ನಕ್ಕಳು. “ಅದು ನಾನೇ ನಡೆದು ಬಂದ ದಾರಿ ದೊಡ್ಡಬಸಮ್ಮ. ನಾ ಓದಿದ್ದು ಬಿ.ಕಾಂ. ಅದಾದ ಮ್ಯಾಲೆ ಮೂರು ವರ್ಷದ ಕಾನೂನು ಪದವಿ ಮಾಡಿದೆ. ಯಾವ ವಿಷಯದಾಗ ಡಿಗ್ರಿ ಆದ್ರೂ ನಡೀತದ. ಕನ್ನಡ ಓದಿದವರು, ಎಂಜಿನಿಯರಿಂಗ್ ಮಾಡಿದವರು, ಎಲ್ಲಾರೂ ನಮ್ಮ ಕ್ಲಾಸಿನಾಗ ಇದ್ರು.”

“ಐದು ವರ್ಷ ಅಂತಾರಲ್ರೀ,” ಎಂದ ಮಾರೇಶ.

“ಅದು ಪಿಯುಸಿ ಮುಗಿಸಿ ನೇರ ಬರೋರಿಗೆ. ಡಿಗ್ರಿ ಆದವರು ಹಿಂದಕ್ಕ ಹೋಗಬೇಕಾಗಿಲ್ಲ.”

ದೊಡ್ಡಬಸಮ್ಮನ ಹುಬ್ಬು ಮೇಲೇರಿತು. “ಹಂಗಾದ್ರ ಒಂದು ಕೂರಿಗಿ ಹಿಡಿದು ನೇರ ಬಿತ್ತಿದ್ದು. ಇನ್ನೊಂದು ಸಸಿ ಮಡಿಯಾಗ ಬೆಳೆಸಿ, ಕಿತ್ತು ನಾಟಿ ಮಾಡಿದ್ದು.”

“ಅಷ್ಟೇರಿ. ಎರಡೂ ಭತ್ತನ.”

“ಮಡಿಯಾಗ ಕಳೆದ ದಿನ ದಂಡ ಅಂತ ಯಾವ ರೈತ ಅಂತಾನ? ನೋಡಲೇ ಮಾರೇಶ, ಇಕಿ ಡಿಗ್ರಿ ಸಸಿ ಮಡಿ.”

ಮಾರೇಶ ಇನ್ನೂ ಸೋಲಲಿಲ್ಲ. “ಅಂಚೆ ಮೂಲಕ ಓದಿದ್ರೂ ಅದ ಲಾ ಅಲ್ಲೇನ್ರಿ ಮೇಡಂ? ಮನಿಯಾಗ ಇರ್ತಾಳ, ಬಸ್ಸಿನ ತಿರುಗಾಟ ತಪ್ಪತೈತಿ.”

“ಮಾರೇಶಣ್ಣ, ಗೊಬ್ಬರದ ಬಗ್ಗೆ ನಾ ಎಷ್ಟರೆ ಪುಸ್ತಕ ಓದಲಿ, ಲೈಸೆನ್ಸ್ ಇಲ್ಲದ ಅಂಗಡಿ ತೆಗೀಲಿಕ್ಕೆ ಬರ್ತದೇನು?”

“ಏ, ಎಲ್ಲಿ ಬರ್ತೈತ್ರಿ. ಮರುದಿನ ಬೀಗ ಜಡಿತಾರ.”

“ವಕೀಲಿಕೂ ಹಂಗ ಒಂದು ಲೈಸೆನ್ಸ್ ಅದ. ಸನದು ಅಂತೀವಿ. ಅಂಚೆಯಿಂದ ಓದಿದ ಕಾನೂನಿಗೆ ಸನದು ಸಿಗೂದಿಲ್ಲ. ತಿಳುವಳಿಕೆ ಬರಬಹುದು, ಕೋರ್ಟಿನಾಗ ನಿಂತು ವಾದ ಮಾಡಲಿಕ್ಕೆ ಬರೂದಿಲ್ಲ. ಭಾರತೀಯ ವಕೀಲರ ಪರಿಷತ್ತು ಮಾನ್ಯ ಮಾಡಿದ ಕಾಲೇಜಿಗೆ ದಿನಾ ಹೋಗಿ ಓದಬೇಕು. ಹಾಜರಿ ಕಡ್ಡಾಯ.”

ಮಾರೇಶ ಕತ್ತಿನ ಟವೆಲು ತೆಗೆದು ಮುಖ ಒರೆಸಿಕೊಂಡ. “ಆತ ಇದನ್ನ ಹೇಳಲೇ ಇಲ್ಲಲ್ಲ.”

“ನೀ ಕೇಳಿದ್ದೇನು?” ಎಂದಳು ತಾಯಿ.

“ಇಲ್ಲವ್ವಾ.”

ಅಲ್ಲಿಯವರೆಗೆ ಸುಮ್ಮನಿದ್ದ ರೇಣುಕಾ ಮೆಲ್ಲಗೆ ಕೇಳಿದಳು. “ಅಕ್ಕಾ, ನನಗ ಸೀಟು ಸಿಗ್ತೈತೇನ್ರಿ? ಅಂಕ ಎಷ್ಟಿರಬೇಕು?”

“ಡಿಗ್ರಿಯೊಳಗ ಸಾಮಾನ್ಯ ವರ್ಗಕ್ಕ ನೂರಕ್ಕ ನಲವತ್ತೈದು. ಹಿಂದುಳಿದ ವರ್ಗಕ್ಕ, ಪರಿಶಿಷ್ಟರಿಗೆ ಇನ್ನೂ ಸ್ವಲ್ಪ ಕಡಿಮೆ. ಕೆಲವು ಕಡೆ ಪ್ರವೇಶ ಪರೀಕ್ಷೆ ಇರ್ತದ, ಕೆಲವು ಕಡೆ ಅಂಕದ ಮ್ಯಾಲೇ ತಗೋತಾರ. ಕಾಲೇಜು ಬಳ್ಳಾರಿಯೊಳಗೇ ಅದ. ಮೂರು ವರ್ಷ ಆದ ಮ್ಯಾಲೆ ರಾಜ್ಯ ವಕೀಲರ ಪರಿಷತ್ತಿನಾಗ ಹೆಸರು ಹಚ್ಚಿಸಿ, ದೇಶಕ್ಕೆಲ್ಲ ಒಂದೇ ಇರೋ ವಕೀಲರ ಪರೀಕ್ಷೆ ಪಾಸಾಗಬೇಕು.”

“ಮತ್ತ ನಾ ಓದಿದ ಸಸ್ಯಶಾಸ್ತ್ರ?”

ಇದಕ್ಕೆ ಉತ್ತರ ಕೊಟ್ಟವರು ಸೀತಾಬಾಯಿ. “ಕಳಪೆ ಬೀಜದ ಕೇಸು ಬಂತಂದ್ರ ಇವರು ರಾತ್ರಿಯೆಲ್ಲ ಗಿಡದ ಹೆಸರು ಉರು ಹೊಡೀತಿದ್ರು. ಸಾಲಿ ಹುಡುಗರ ಗತೆ. ಮೊಳಕಿ ಯಾಕ ಬರಲಿಲ್ಲ ಅನ್ನೋದು ತಿಳಿದ ವಕೀಲರು ಈ ಜಿಲ್ಲಾದಾಗ ಬೇಕು, ಆ ಹುಡುಗಿ ಬರಲಿ, ಅಂತಿದ್ರು.”

ದೊಡ್ಡಬಸಮ್ಮ ಮೊಮ್ಮಗಳ ಮುಖ ನೋಡಿದಳು. ರಾಯರು ಮುಗಿಸಿ ಬಾ ಎಂದದ್ದು ಯಾಕೆಂದು ಈಗ ತಿಳಿಯಿತು.

ಹೊರಡುವ ಹೊತ್ತಾಯಿತು. ಸತ್ತವರ ಮನೆಯಿಂದ ಹೊರಡುವಾಗ ಹೋಗಿ ಬರುತ್ತೇವೆ ಎನ್ನಬಾರದು. ಆ ಮಾತು ಆಡಿದರೆ ಮತ್ತೆ ಅಂಥ ಕಾರಣಕ್ಕೇ ಬರುವಂತಾಗುತ್ತದೆಂಬ ಭಯ. ಮೂವರೂ ಬಾಯಿ ಬಿಡದೆ ಎದ್ದು ಹೊಸ್ತಿಲ ಕಡೆ ನಡೆದರು.

“ರೇಣುಕಾ,” ಎಂದು ಸೀತಾಬಾಯಿ ಕರೆದರು. “ಬರ್ತೀನಿ ಅಂತ ಹೇಳಿ ಹೋಗು.”

ದೊಡ್ಡಬಸಮ್ಮ ಬೆಚ್ಚಿದಳು. “ಬ್ಯಾಡ್ರಿ ತಾಯಿ. ಇಂಥಾ ಹೊತ್ತಿನಾಗ ಆ ಮಾತು ಆಡಬಾರದು.”

“ನನಗೂ ಗೊತ್ತದ. ಎಲ್ಲಾರೂ ಮಾತಿಲ್ಲದೇ ಎದ್ದು ಹೋಗ್ಯಾರ ಈ ಮನಿಯಿಂದ. ಅವರ ಪುಸ್ತಕ ಅಲ್ಲಿ ಕಪಾಟಿನಾಗ ಹಂಗ ಅವ. ಕಾಲೇಜು ಮುಗಿಸಿ ದಿನಾ ಸಂಜೀಕ ಇಕಿ ಇಲ್ಲಿ ಕೂತು ಓದಬೇಕು. ಒಬ್ಬರಾದರೂ ಬರ್ತೀನಿ ಅನ್ನಲಿ.”

ರೇಣುಕಾ ಅಜ್ಜಿಯ ಕಡೆ ನೋಡಿದಳು. ಮುದುಕಿ ಕಣ್ಣೊರೆಸಿಕೊಂಡು ತಲೆಯಾಡಿಸಿದಳು.

“ಬರ್ತೀನ್ರಿ,” ಎಂದಳು ಹುಡುಗಿ.

ಅಂದು ಮಾರೇಶ ಕುರುಗೋಡಿನ ಬಸ್ಸು ಹಿಡಿಯಲಿಲ್ಲ. ಸರ್ಟಿಫಿಕೇಟಿನ ಚೀಲ ಎದೆಗವಚಿಕೊಂಡು, ತಾಯಿಯನ್ನೂ ರೇಣುಕಾಳನ್ನೂ ಕರೆದುಕೊಂಡು ನೇರ ಕಾನೂನು ಕಾಲೇಜಿಗೆ ನಡೆದ. ಬಾಗಿಲಲ್ಲಿ ಸಿಕ್ಕ ಗುಮಾಸ್ತರಿಗೆ ಅವನು ಕೇಳಿದ ಮೊದಲ ಪ್ರಶ್ನೆ, “ಇಲ್ಲಿ ಓದಿದ್ರ ಸನದು ಸಿಗ್ತೈತಿಲ್ರೀ?”

ಓದುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಬೇರೆ ವಿಷಯದಲ್ಲಿ ಪದವಿ ಮುಗಿಸಿ ಕಾನೂನಿನ ಕಡೆ ಮನಸ್ಸಿಟ್ಟ ಮಕ್ಕಳಿರಬಹುದು. ತಡವಾಯಿತೆಂದು ಅವರನ್ನು ತಡೆಯಬೇಡಿ. ಹತ್ತಿರದ ದಾರಿ ಎಂದು ಯಾರೋ ಹೇಳಿದ ಕಡೆ ದೂಡಲೂ ಬೇಡಿ. ಸೇರಿಸುವ ಮುಂಚೆ ಕಾಲೇಜಿಗೆ ನೀವೇ ಹೋಗಿ, ವಕೀಲರ ಪರಿಷತ್ತಿನ ಮಾನ್ಯತೆ ಈ ವರ್ಷಕ್ಕೂ ಇದೆಯೇ ಎಂದು ಕೇಳಿ. ಅಂಕ, ಕೊನೆಯ ದಿನಾಂಕ, ನಿಯಮಗಳನ್ನು ಅಲ್ಲೇ ತಿಳಿದುಕೊಳ್ಳಿ, ಅವು ಬದಲಾಗುವುದುಂಟು. ಕೇಳಲು ಸಂಕೋಚ ಬೇಡ. ತಿಳಿದವರು ನಮ್ಮ ನಡುವೆ ಇರುವಾಗಲೇ ಹೋಗಿ ಕೇಳಿ.

ಕೇಳಿದವರಿಗೆಲ್ಲ ತಿಳಿಯುವ ಮಾತಿನಲ್ಲಿ ನ್ಯಾಯ ಹೇಳಿದ ಆ ಹಿರಿಯ ಜೀವವನ್ನು ಶ್ರೀಹರಿ ತನ್ನ ಪಾದದ ಬಳಿ ಇಟ್ಟುಕೊಳ್ಳಲಿ. ಅವರ ಆತ್ಮಕ್ಕೆ ಶಾಂತಿ ಸಿಗಲಿ.