ಹಿಮ್ಮಡಿ ಮೇಡಂ ಗೊತ್ತುಮಾಡಿದ ನೆಲ

ನೆಲ ಕಂಡರೆ ಸಾಕು, ಹಿಮ್ಮಡಿಯಿಂದ ಕುಟ್ಟಿ ನೋಡದೆ ಅವರ ಜೀವಕ್ಕೆ ಸಮಾಧಾನವಿಲ್ಲ. ಶಾಲೆಯ ಆಟದ ಬಯಲಿರಲಿ, ಆಸ್ಪತ್ರೆಯ ಹಿತ್ತಿಲಿರಲಿ, ಸಾವಿನ ಮನೆಯ ಅಂಗಳವೇ ಇರಲಿ, ಎಡಗಾಲೂರಿ, ಬಲಗಾಲಿನ ಹಿಮ್ಮಡಿಯಿಂದ ಧಪ್ಪೆಂದು ಒಂದೇಟು ಕೊಟ್ಟು, ತಲೆ ಓರೆಮಾಡಿ ಆಲಿಸಿ, 'ಹೊರುತ್ತೆ' ಎಂದೋ 'ಹೊರಲ್ಲ' ಎಂದೋ ತೀರ್ಪಿತ್ತ ಮೇಲೆಯೇ ಬಂದ ಕೆಲಸದ ಮಾತು. ಲಾರಿ ಚಾಲಕರು ಅವರಿಗೆ ಹಿಮ್ಮಡಿ ಮೇಡಂ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ವಿಪತ್ತು ನಿರ್ವಹಣೆಯ ಕಚೇರಿಯಲ್ಲಿ ಅವರದೊಂದು ವಿಚಿತ್ರ ಹುದ್ದೆ: ಗುಡ್ಡ ಕುಸಿದೋ ಹೊಳೆ ಉಕ್ಕಿಯೋ ಹೆದ್ದಾರಿ ಮುಚ್ಚಿದರೆ ಲಾರಿಗಳನ್ನೆಲ್ಲ ಎಲ್ಲಿ ನಿಲ್ಲಿಸಬೇಕೆಂದು ಮೊದಲೇ ಗೊತ್ತುಮಾಡಿಡುವುದು. ಉಳಿದವರಿಗೆ ನಿದ್ದೆ ಬರಿಸುವ ಈ ವಿಷಯ ಅವರ ಬಾಯಲ್ಲಿ ಮೈ ನವಿರೇಳಿಸುತ್ತಿತ್ತು. ಕೈಬೀಸಿ ಓಡುವಂಥ ನಡಿಗೆ, ಮಾತಿಗೊಮ್ಮೆ 'ತಿರುಗೋಕೆ ಜಾಗ ಇದೆಯಾ?' ಎಂಬ ಪಲ್ಲವಿ, ಜೇಬು ಹರಿದರೂ ಬಿಡದ ಕಿತ್ತಳೆ ಬಣ್ಣದ ಮಳೆಯಂಗಿ. ಮನೆಯವರ ಚಪ್ಪಲಿಗಳನ್ನೂ ಮೂತಿ ಬೀದಿಯ ಕಡೆಗೆ ಮಾಡಿ ಸಾಲಾಗಿ ಜೋಡಿಸುವರು; ಮೂತಿ ದಾರಿಗಿರದ ಗಾಡಿ ಸಮಯಕ್ಕೆ ಹೊರಡದು ಎಂಬುದು ಅವರ ಅಚಲ ಸಿದ್ಧಾಂತ.

ತಂಗಿಯ ಮದುವೆಗೆ ಸಭಾಂಗಣ ಹುಡುಕಿದವರೂ ಇವರೇ. ಒಳಗಿನ ಅಲಂಕಾರವನ್ನು ಕಣ್ಣೆತ್ತಿಯೂ ನೋಡದೆ, ಮುಂದಿನ ಕಾಂಕ್ರೀಟ್ ಅಂಗಳವನ್ನು ಕುಟ್ಟಿ, ಮುಖವರಳಿಸಿ ಒಪ್ಪಿಬಿಟ್ಟರು. ತಂಗಿ ತಲೆ ಚಚ್ಚಿಕೊಂಡಳು. ಮದುವೆಯ ದಿನ ಮಾತ್ರ ಲಾರಿಯ ಸುದ್ದಿ ಎತ್ತುವುದಿಲ್ಲವೆಂದು ಅಕ್ಕನಿಂದ ಆಣೆ ಮಾಡಿಸಿಕೊಂಡಳು.

ಆಣೆ ಮಧ್ಯಾಹ್ನದವರೆಗೆ ನಿಂತಿತು. ನೆಂಟರು ಊಟಕ್ಕೆ ಕೂರುವ ಹೊತ್ತಿಗೆ ಫೋನು ಬಂತು: ಮಳೆಗೆ ಗುಡ್ಡ ಜರಿದು ದಾರಿ ಮುಚ್ಚಿದೆ, ಲಾರಿಗಳ ಸಾಲು ಇನ್ನೂ ಜರಿಯುತ್ತಿರುವ ಗುಡ್ಡದ ಬುಡದಲ್ಲೇ ನಿಂತಿದೆ. ಮೇಡಂ ಗಾಬರಿಯಾಗಲಿಲ್ಲ. ಇಂಥ ದಿನಕ್ಕೆಂದೇ ಇಟ್ಟಿಗೆ ಗೂಡಿನ ಬಯಲನ್ನು ಹಟ ಹಿಡಿದು ಗೊತ್ತುಮಾಡಿಸಿದ್ದರು. ಎಲ್ಲವನ್ನೂ ಅಲ್ಲಿಗೆ ತಿರುಗಿಸಿ ಎಂದರು. ತುಸು ಹೊತ್ತಿಗೇ ಮತ್ತೆ ಫೋನು: ಮೊದಲ ಲಾರಿಯೇ ಚಕ್ರ ಮುಳುಗುವಷ್ಟು ಕೆಸರಲ್ಲಿ ಹೂತುಹೋಗಿದೆ. ಆ ಬಯಲನ್ನು ಅವರು ಕುಟ್ಟಿ ನೋಡಿದ್ದು ಸುಡುಬೇಸಿಗೆಯಲ್ಲಿ. ಒಣಗಿದ ಜೇಡಿಮಣ್ಣು ಕಲ್ಲಿನಂತೆ ಸದ್ದು ಮಾಡಿತ್ತು, ಇವರು ನಂಬಿದ್ದರು.

ಹತ್ತಿರದಲ್ಲಿ ಭಾರ ಹೊರುವ ನೆಲ ಇನ್ನೊಂದೇ ಇತ್ತು, ಅವರು ಅದರ ಮೇಲೆಯೇ ನಿಂತಿದ್ದರು. ಆದರೆ ಅಂಗಳದ ತುಂಬ ಚಪ್ಪರ, ಊಟದ ಮೇಜು, ಬಡಿಸುವುದನ್ನೇ ಕಾದು ಕುಳಿತ ಬೀಗರು. ತಂಗಿಯ ಮುಂದೆ ಹೋಗಿ ನಿಂತರು; ಕಾಲು ತಾನಾಗಿಯೇ ನೆಲವನ್ನೊಮ್ಮೆ ಕುಟ್ಟಿತು.

ತಂಗಿಗೆ ಆ ಸದ್ದಿನ ಅರ್ಥ ಹೇಳಿಕೊಡಬೇಕಾಗಿರಲಿಲ್ಲ.

"ಎಷ್ಟು ಲಾರಿ ಅಕ್ಕ?"

"ಅಂಗಳ ತುಂಬೋಷ್ಟು."

"ಸರಿ, ಮೇಜೆಲ್ಲ ಒಳಗೆ ತಗೊಳ್ಳೋಣ. ಪಾಪ, ಅವರಿಗೂ ಊಟ ಆಗಿರಲ್ಲ."

ಆಮೇಲಿನ ಸಡಗರವನ್ನು ಏನೆಂದು ಹೇಳಲಿ! ಬೀಗರು ಮೇಜು ಹೊತ್ತರು, ಚಪ್ಪರ ಬಿಚ್ಚಿದರು. ಮದುಮಗ ಹೊಸ ಕೋಟು ಕಳಚಿಟ್ಟು, ಮಳೆಯಲ್ಲಿ ನಿಂತು ಲಾರಿಗಳಿಗೆ 'ಬರಲಿ, ಬರಲಿ' ಎಂದು ಕೈ ಬೀಸಿದ. ಮದುವೆಯ ಬಟ್ಟೆಯ ಮೇಲೆ ಕಿತ್ತಳೆ ಮಳೆಯಂಗಿ ಏರಿಸಿದ ಮೇಡಂ ಒಂದೊಂದರ ಮೂತಿಯನ್ನೂ ದಾರಿಗೆ ತಿರುಗಿಸಿಯೇ ನಿಲ್ಲಿಸಿದರು. ಕೊನೆಯ ಲಾರಿ ಒಳಬಂದ ಸ್ವಲ್ಪ ಹೊತ್ತಿಗೆ ಗುಡ್ಡದ ಇನ್ನೊಂದು ಮಗ್ಗುಲು ಕಳಚಿ, ಸಾಲು ನಿಂತಿದ್ದ ಜಾಗದ ಮೇಲೆಯೇ ಬಿತ್ತೆಂದು ಸುದ್ದಿ ಬಂತು. ಕೇಳಿದ ಮೇಡಂ, ತಲೆ ಬಗ್ಗಿಸಿ ಉಣ್ಣುತ್ತಿದ್ದ ಚಾಲಕರನ್ನು ಒಬ್ಬೊಬ್ಬರಾಗಿ ನೋಡಿದರು. ಕೆಸರಲ್ಲಿ ಲಾರಿ ಬಿಟ್ಟು ಬಂದವನೂ ಅಲ್ಲಿದ್ದ. ಖುಷಿಗೆ ಅತ್ತೇಬಿಟ್ಟರು.

ಈಗ ಮಳೆ ಹಿಡಿದರೆ ಊರೆಲ್ಲ ಒಳಗೆ ಓಡುತ್ತದೆ, ಇವರು ಬಯಲು ಕುಟ್ಟಲು ಹೊರಗೆ ಓಡುತ್ತಾರೆ. ಎಲ್ಲರಿಗೂ ಹೋಗುವ ದಾರಿಯ ಚಿಂತೆಯಾದರೆ, ದಾರಿಯೇ ಇಲ್ಲದ ದಿನ ಎಲ್ಲಿ ನಿಲ್ಲುವುದೆಂಬ ಚಿಂತೆ ಇಂಥವರದು. ಅವರೂ ತಪ್ಪುತ್ತಾರೆ, ಅವರೊಡನೆ ಬಾಳುವುದೂ ಸುಲಭವಲ್ಲ. ಆದರೆ ನಾನು ಕಂಡಂತೆ, ವರ್ಷಗಟ್ಟಲೆ ಅವರನ್ನು ಗೇಲಿ ಮಾಡಿದ ಮನೆಯವರು ತಮಗೇ ತಿಳಿಯದಂತೆ, ಕರೆ ಬಂದ ದಿನ ಮೇಜು ಎತ್ತಿಡಲು ತಯಾರಾಗಿಬಿಟ್ಟಿರುತ್ತಾರೆ.