ಸೂಲಗಿತ್ತಿಯ ಪಟ್ಟಿ

"ನನಗೆ ಅರವತ್ತೆಂಟು ಕಣೇ ಲುದ್ವಿಕಾ! ಈ ಫಾರಂಗೆ ಸಹಿ ಹಾಕಿದ್ರೆ ಮಧ್ಯಾಹ್ನದೊಳಗೆ ಊರೆಲ್ಲಾ ನನ್ನ ಮಗೂಗೆ ಹೆಸರು ಹುಡುಕ್ತಿರುತ್ತೆ!"

ಯೊಲಾಂತಾ ಹಿಟ್ಟು ಮೆತ್ತಿದ ಕೈಯಿಂದ ಹೊಟ್ಟೆ ಸವರಿಕೊಂಡದ್ದೇ ತಡ, ಅಗ್ನಿಶಾಮಕ ಠಾಣೆಯ ಸಭಾಂಗಣ ನಗೆಯಲ್ಲಿ ಮುಳುಗಿತು. ಗೃಹಿಣಿಯರ ಸಂಘದ ನಲವತ್ತು ಹೆಂಗಸರು ಸುಗ್ಗಿ ಹಬ್ಬಕ್ಕೆಂದು ಬೆಳಗಿನಿಂದ ಪಿಯೆರೋಗಿ ಮಡಿಚುತ್ತಿದ್ದರು. ಆಲೂಗಡ್ಡೆ ತುಂಬಿದ ಆ ಕಡುಬುಗಳು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಕೂತಿದ್ದವು. ಫಾರಂಗಳ ಕಟ್ಟು ಹಿಡಿದು ನಡುವೆ ನಿಂತಿದ್ದ ಲುದ್ವಿಕಾ ಕೂಡ ನಕ್ಕಳು. ಆದರೆ ಅವಳ ಕಿವಿ ಕೆಂಪಗಾಗಿತ್ತು.

ಜಿಲ್ಲಾ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಹದಿನೆಂಟು ವರ್ಷ ದುಡಿದ ಈ ಸೂಲಗಿತ್ತಿ ನರ್ಸ್, ಹೋದ ಚಳಿಗಾಲದಲ್ಲಿ ನಮ್ಮೂರ ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ ಸ್ವಂತ ಕೇಂದ್ರ ತೆರೆದಿದ್ದಳು. ಸರ್ಕಾರಿ ಆರೋಗ್ಯ ವಿಮೆಯವರ ಲೆಕ್ಕವೇ ಬೇರೆ. ಇವಳೇ ನನ್ನ ಸೂಲಗಿತ್ತಿ ಎಂದು ಎಷ್ಟು ಹೆಂಗಸರು ಸಹಿ ಹಾಕಿದ್ದಾರೋ ನೋಡಿ ತಿಂಗಳ ಬಿಲ್ಲು ಪಾಸು ಮಾಡುತ್ತಾರೆ. ವಯಸ್ಸಿನ ಮಿತಿಯಿಲ್ಲ, ಬಸುರಿಯಾಗಿರಬೇಕೆಂದೂ ಇಲ್ಲ. ಆದರೆ ಇದು ನಮ್ಮೂರಿನ ತಲೆಗೆ ಹೋಗಬೇಕಲ್ಲ! ಮಾರ್ಚಿನಲ್ಲಿ ವಿಧವೆ ಹಾಲಿನಾ ಸಹಿ ಹಾಕಿ ಹೊರಬಂದದ್ದನ್ನು ಪೋಸ್ಟ್‌ಮ್ಯಾನ್ ನೋಡಿದ. ಭಾನುವಾರ ಚರ್ಚು ಬಿಡುವ ಹೊತ್ತಿಗೆ ಅವಳ ಇಲ್ಲದ ಮಗುವಿಗೆ ಮೂವರು ಅಪ್ಪಂದಿರು ಸಿಕ್ಕಿದ್ದರು. ಆಮೇಲೆ ನಿಜವಾದ ಬಸುರಿಯರು, ಬಾಣಂತಿಯರು ಬಿಟ್ಟರೆ ಆ ಬಾಗಿಲು ತಟ್ಟುವ ಧೈರ್ಯ ಯಾರಿಗೂ ಬರಲಿಲ್ಲ.

ಐನೂರು ಹೆಸರಿಲ್ಲದೆ ಕೇಂದ್ರ ನಡೆಯದು. ಪಕ್ಕದ ಹಳ್ಳಿಗಳನ್ನೆಲ್ಲ ಸುತ್ತಿದರೂ ಆಗಿದ್ದದ್ದು ನಾನೂರ ಅರವತ್ತನಾಲ್ಕು. ಆಸ್ಪತ್ರೆಯವರು ಅವಳ ಹಳೆಯ ಕೆಲಸವನ್ನು ಇವತ್ತು ಸಂಜೆ ನಾಲ್ಕರವರೆಗೆ ಕಾದಿರಿಸಿದ್ದರು. ಒಳ್ಳೆಯ ಕೆಲಸವೇ. ಆದರೆ ಅಲ್ಲಿ ಮೂರನೇ ದಿನ ಬಾಣಂತಿ ಬಾಗಿಲು ದಾಟಿದಳೆಂದರೆ ಮತ್ತೆ ಮುಖ ಕಾಣುವುದಿಲ್ಲ, ಲುದ್ವಿಕಾಗೆ ಸಾಕಾಗಿದ್ದದ್ದು ಅದೇ.

"ಬಸುರಿಯರಿಗೆ ಮಾತ್ರ ಅಲ್ಲ ಕಣ್ರೇ," ಅವಳು ದನಿ ಎತ್ತರಿಸಿದಳು. "ಮುಟ್ಟು ನಿಲ್ಲೋವಾಗಿನ ಸಂಕಟ, ಎದೇಲಿ ಗಂಟು, ಕೆಮ್ಮಿದ್ರೆ ಬಟ್ಟೆ ಒದ್ದೆಯಾಗೋದು, ಎಲ್ಲಕ್ಕೂ ನಾನಿದೀನಿ. ನಿಮ್ಮ ಡಾಕ್ಟ್ರು ಬದಲಾಗಲ್ಲ. ದುಡ್ಡೂ ಕೊಡಬೇಕಿಲ್ಲ."

ಒದ್ದೆ ಎಂಬ ಮಾತಿಗೆ ನಗು ನಿಂತಿತು. ಎಲ್ಲರಿಗೂ ಒಮ್ಮೆಲೇ ಕಡುಬಿನ ಮೇಲೆ ಎಲ್ಲಿಲ್ಲದ ಶ್ರದ್ಧೆ ಬಂತು.

ಒಲೆಯ ಪಕ್ಕ ಹಿಟ್ಟು ಲಟ್ಟಿಸುತ್ತಿದ್ದವಳು ಸಂಘದ ಹಿರಿಯಳು ಗೆನೊವೆಫಾ. ಎಂಬತ್ತೊಂದು ವರ್ಷ, ಬಾಯಿ ಮಾತ್ರ ಇಪ್ಪತ್ತರದು. ಲಟ್ಟಣಿಗೆಯನ್ನು ದಢಾರನೆ ಇಟ್ಟಳು.

"ಕೊಡೇ ಇಲ್ಲಿ ಪೆನ್ನು! ಗೆನೊವೆಫಾಗೆ ಅವಳಿ ಮಕ್ಕಳಂತೆ ಅಂತ ಊರಿಗೆಲ್ಲಾ ಹೇಳಿ. ಅಪ್ಪ ಯಾರು ಅಂದ್ರೆ ಪೋಸ್ಟ್‌ಮ್ಯಾನ್ ಅನ್ನಿ!"

ಸಭಾಂಗಣದ ಚಾವಣಿ ಹಾರಿಹೋಗುವಂಥ ನಗು. ಕಣ್ಣಲ್ಲಿ ನೀರು ತುಂಬಿಕೊಂಡ ಯೊಲಾಂತಾ, "ನಿಂಗೆ ಅವಳಿ ಅಂದ್ರೆ ನಂಗೇನು ಕಮ್ಮಿ? ತಾರೇ!" ಎಂದು ಫಾರಂ ಕಸಿದುಕೊಂಡಳು. ಅಲ್ಲಿಂದ ನೂಕುನುಗ್ಗಲು. ಇದ್ದ ಮೂರು ಪೆನ್ನಿಗೆ ಹತ್ತು ಕೈ. ಫಾರಂನಲ್ಲಿ ತುಂಬಬೇಕಾದ ಗುರುತಿನ ಸಂಖ್ಯೆಯ ಮೊದಲ ಎರಡು ಅಂಕಿ ಹುಟ್ಟಿದ ವರ್ಷದ್ದು. ಯೊಲಾಂತಾ ಬರೆಯುವುದನ್ನು ಪಕ್ಕದವಳು ಇಣುಕಿ ನೋಡಿ, "ಅಯ್ಯೋ ಕಳ್ಳೀ, ನಿಂಗೆ ಎಪ್ಪತ್ತೊಂದು!" ಎಂದು ಕಿರುಚಿದಳು. ಮೇಜಿನ ಮೇಲೆ ಕಡುಬುಗಳು ಒಣಗುತ್ತಿದ್ದವು, ಯಾರಿಗೂ ಲಕ್ಷ್ಯವಿರಲಿಲ್ಲ. ಹಾಲಿನಾ ಬಂದು ಲುದ್ವಿಕಾಳ ಭುಜ ಒತ್ತಿದಳು. ಅವಳದು ಮೊದಲೇ ಆಗಿತ್ತು, ಉಳಿದ ಮೂವತ್ತೊಂಬತ್ತೂ ಬಂದವು.

ಲುದ್ವಿಕಾ ಅಂಚೆ ಕಚೇರಿಯವರೆಗೆ ಅಕ್ಷರಶಃ ಓಡಿದಳು. ನಲವತ್ತೆರಡರ ಅವಳು ಹಾಗೆ ಓಡಿ ಎಷ್ಟು ಕಾಲವಾಗಿತ್ತೋ. ಕಂಪ್ಯೂಟರಿನಲ್ಲಿ ಹೆಸರು ತುಂಬಿದಂತೆ ಒಂದೊಂದೂ ವಿಮೆಯವರ ಪಟ್ಟಿಯಲ್ಲಿ ಹಸಿರಾಗತೊಡಗಿತು. ಐನೂರನೆಯದು ಹಸಿರಾದಾಗ ಅವಳು ಹಾಕಿದ ಕೇಕೆಗೆ ಆಚೆ ಪೋಸ್ಟ್‌ಮ್ಯಾನ್ ಕೈಯಲ್ಲಿದ್ದ ಮುದ್ರೆ ಬೀಳಿಸಿಕೊಂಡ. ಮೂರೂವರೆಗೆ ಆಸ್ಪತ್ರೆಗೆ ಫೋನು ಮಾಡಿ, "ನಾನು ಬರಲ್ಲ ಮೇಡಂ. ನನಗಿಲ್ಲಿ ತುಂಬಾ ಕೆಲಸ ಇದೆ," ಎಂದಳು. ಇಂಥ ಖುಷಿ ಅವಳಿಗೆ ತಾನು ಮೊದಲ ಹೆರಿಗೆ ಮಾಡಿಸಿದ ದಿನ ಆಗಿತ್ತು, ಅಷ್ಟೆ.

ಬಾಗಿಲು ತೆರೆಯಿತು. ಗೆನೊವೆಫಾ. ಮನೆಗೆ ಹೋಗಿ ಮೈ ತೊಳೆದು, ಚರ್ಚಿಗೆ ಉಡುವ ಕಪ್ಪು ಲಂಗ ಉಟ್ಟು ಬಂದಿದ್ದಳು.

"ನನ್ನ ಹೆಸರು ಹತ್ತಿತಾ?"

"ಹತ್ತಿತು ಅಜ್ಜೀ! ಐನೂರಾ ಮೂರು! ಎಲ್ಲಾ ನಿಮ್ಮಿಂದಲೇ!" ಲುದ್ವಿಕಾ ಅವಳನ್ನು ಬಾಚಿ ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟಳು.

ಮುದುಕಿ ನಗಲಿಲ್ಲ. ಬಿಡಿಸಿಕೊಂಡು ಹೋಗಿ ಬಾಗಿಲಿನ ಚಿಲಕ ಹಾಕಿದಳು.

"ಹಾಗಾದ್ರೆ ಈಗ ನಿನಗೆ ತೋರಿಸ್ಬಹುದು," ಎಂದಳು. ಸಭಾಂಗಣದಲ್ಲಿ ಕೇಳಿದ ದನಿಯೇ ಅಲ್ಲ ಅದು. "ಕೊನೇ ಮಗ ಹುಟ್ಟಿದಾಗಿಂದ ಗರ್ಭಕೋಶ ಕೆಳಗೆ ಜಾರಿಕೊಂಡಿದೆ ಕಣಮ್ಮ. ಕೂತ್ರೆ ನೋವು, ನಿಂತ್ರೆ ಭಾರ. ನಲವತ್ತೆರಡು ವರ್ಷ ಆಯ್ತು. ಡಾಕ್ಟ್ರು ಗಂಡಸು. ನಮ್ಮ ಯಜಮಾನರಿಗೂ ಹೇಳಿರಲಿಲ್ಲ."

ಲುದ್ವಿಕಾ ಪರದೆ ಎಳೆದು, ನಲ್ಲಿ ತಿರುಗಿಸಿ, ನೀರು ಬಿಸಿಯಾಗುವವರೆಗೆ ಕಾದಳು. ಕೈ ಬೆಚ್ಚಗಾಗುವವರೆಗೆ ಅದರಡಿ ಹಿಡಿದಳು. ಅವಳ ಬೆನ್ನ ಹಿಂದೆ ಗೆನೊವೆಫಾ ಬೂಟು ಕಳಚಿ ಜೋಡಿಸಿಟ್ಟು, ಎತ್ತರದ ಮಂಚಕ್ಕೆ ನಿಧಾನವಾಗಿ ಹತ್ತಿ ಕುಳಿತಳು. ನೆಲಕ್ಕೆ ಎಟುಕದ ಕಾಲುಗಳನ್ನು ಒಂದರ ಪಕ್ಕ ಒಂದು ಕೂಡಿಸಿಕೊಂಡು, ಲಂಗದ ಗುಂಡಿ ಬಿಚ್ಚತೊಡಗಿದಳು.